ಅತ್ತೆ ಕಂಡ ಬಂದರು

ಮನೆಯ ಹಿರಿಯರಿಗೆ ಏನು ಆಸೆಯಿದೆ ಎಂದು ನೀವು ಎಂದಾದರೂ ಕೇಳಿದ್ದೀರಾ? ರಬಕವಿಯಲ್ಲಿ ಮಗ್ಗದ ಸದ್ದಿನ ನಡುವೆಯೇ ಎಪ್ಪತ್ತು ದಾಟಿದ ನನ್ನತ್ತೆಯನ್ನು ನಾನು ಬಹಳ ತಡವಾಗಿ ಕೇಳಿದೆ.

“ಅಬ್ಬಾ ಹಜ್ಜಿಗೆ ಹಡಗು ಹತ್ತಿದ ಮುಂಬೈ ನೋಡಬೇಕು” ಎಂದರು.

ಅವರ ಅಬ್ಬಾ ಮರಳಿ ಬರಲಿಲ್ಲ, ಮಕ್ಕಾದಲ್ಲೇ ತೀರಿಕೊಂಡರು. ಅಣ್ಣಂದಿರು ಬೀಳ್ಕೊಡಲು ಮುಂಬೈವರೆಗೂ ಹೋಗಿದ್ದರು. ಹೆಣ್ಣುಮಗು ಎಂದು ಹತ್ತು ವರ್ಷದ ಇವರನ್ನು ಮನೆಯಲ್ಲೇ ಬಿಟ್ಟಿದ್ದರಂತೆ.

ಗೇಟ್‌ವೇ ಆಫ್ ಇಂಡಿಯಾದ ಬಳಿ ಎಲಿಫೆಂಟಾಕ್ಕೆ ಹೋಗುವ ಲಾಂಚ್ ಹತ್ತಿದೆವು. ದಡ ದೂರವಾದಂತೆ 1924ರಲ್ಲಿ ಪೂರ್ಣಗೊಂಡ ಆ ಕಮಾನು, ತಾಜ್ ಹೋಟೆಲಿನ ಗುಮ್ಮಟ, ಸಾಲು ಹಡಗುಗಳು ಒಂದೇ ನೋಟಕ್ಕೆ ಸಿಕ್ಕವು. ಹಿಂದೆ ಏಳು ದ್ವೀಪಗಳಾಗಿದ್ದ ಊರಿದು, ನಡುವಿನ ನೀರಿಗೆ ಮಣ್ಣು ತುಂಬಿ ಒಂದು ಮಾಡಿದರು ಎಂದು ವಿವರಿಸಿದೆ. ಇಲ್ಲಿಂದ ಜಿದ್ದಾಕ್ಕೆ ಹೋಗುತ್ತಿದ್ದ ಹಾಜಿಗಳ ಹಡಗು 1995ರಲ್ಲಿ ನಿಂತಿತು, ಈಗ ಎಲ್ಲರಿಗೂ ವಿಮಾನವೇ ಎಂದೆ.

ಅತ್ತೆ ಕೇಳಿಸಿಕೊಳ್ಳುತ್ತಿರಲಿಲ್ಲ. ಪಶ್ಚಿಮ ಯಾವ ಕಡೆ ಎಂದು ಕೇಳಿ, ಅತ್ತ ಮುಖಮಾಡಿ ಕೈಯೆತ್ತಿ ದುಆ ಮಾಡಿದರು.

“ಈಗ ಅಬ್ಬಾನನ್ನು ಬೀಳ್ಕೊಟ್ಟಂತಾಯಿತು” ಎಂದರು.

ಅರವತ್ತು ವರ್ಷಗಳಿಂದ ಎದೆಯಲ್ಲಿದ್ದ ಆಸೆ ತೀರಲು ಬೇಕಾದದ್ದು ಒಂದು ಗಂಟೆಯ ದೋಣಿ ಪಯಣ ಮಾತ್ರ. ನಿಮ್ಮ ಮನೆಯ ಅಜ್ಜಿಯನ್ನೂ ಇವತ್ತೇ ಕೇಳಿ ನೋಡಿ.