ಅಕ್ಕನ ಸಹಿ

ಬಸವೇಶ್ವರನಗರದ ನಮ್ಮ ಮನೆ ಮಾರೋದು ಅಂತ ತೀರ್ಮಾನ ಆದಾಗ, ಕಷ್ಟ ಎಲ್ಲ ಗಿರಾಕಿ ಹುಡುಕೋದರಲ್ಲಿ ಅಂದುಕೊಂಡಿದ್ದೆ. ಗಿರಾಕಿ ಹದಿನೈದು ದಿನಕ್ಕೇ ಸಿಕ್ಕರು. ಅಕ್ಕನ ಸಹಿ ಸಿಗೋಕೆ ಮೂರು ತಿಂಗಳು ಬೇಕಾಯ್ತು!

ಅಪ್ಪ ಉಯಿಲು ಬರೆದಿರಲಿಲ್ಲ. ಮನೆ ಅವರ ಸ್ವಯಾರ್ಜಿತ, ಹಾಗಾಗಿ ಅಮ್ಮ, ಅಕ್ಕ, ನಾನು ಮೂವರಿಗೂ ಸಮಪಾಲು. ಅಕ್ಕ ಇರೋದು ಡಲ್ಲಾಸ್‌ನಲ್ಲಿ. ಚಿಕ್ಕ ಮಗು ಬೇರೆ, ಒಂದು ಸಹಿಗೋಸ್ಕರ ಬರೋ ಹಾಗಿಲ್ಲ. ನಾನೋ ಸಾಫ್ಟ್‌ವೇರ್ ಪ್ರಾಣಿ. ನೆಟ್‌ನಲ್ಲಿ ಸಿಕ್ಕ ಜಿಪಿಎ ಒಂದನ್ನು ಕಾಪಿ ಪೇಸ್ಟ್ ಮಾಡಿ, ಹೆಸರು ಬದಲಾಯಿಸಿ ಕಳಿಸಿದೆ.

ರಾತ್ರಿ ಫೋನ್ ಬಂತು. "ಇದ್ರಲ್ಲಿ ನನ್ನ ಸಮಸ್ತ ಸ್ಥಿರ ಚರ ಆಸ್ತಿ ಅಂತಿದೆಯಲ್ಲೋ. ನನ್ನ ಬ್ಯಾಂಕ್ ಖಾತೆನೂ ನೀನೇ ನೋಡ್ಕೋತೀಯಾ?"

ನಾನು ನಕ್ಕೆ. ಅವಳು ನಗಲಿಲ್ಲ.

ಒಂದು ವಾರ ಮಾತಿಲ್ಲ. ನನ್ನನ್ನೇ ನಂಬಲ್ವಲ್ಲ ಅಂತ ನನಗೆ ಸಿಟ್ಟು. ಅಮ್ಮ ಮಾತ್ರ ತಣ್ಣಗೆ ಕೇಳಿದರು, "ಕಳಿಸೋ ಮುಂಚೆ ನೀನು ಅದನ್ನ ಓದಿದ್ಯಾ?" ಓದಿರಲಿಲ್ಲ :-(

ಕೆಂಗೇರಿ ಕಡೆ ರೆವಿನ್ಯೂ ಸೈಟುಗಳನ್ನ ಜಿಪಿಎ ಮೇಲೆ ಕೊಂಡು ಒದ್ದಾಡಿದವರ ಕಥೆ ಕೇಳಿಕೊಂಡೇ ಬೆಳೆದವರು ನಾವು. ಬರೀ ಜಿಪಿಎಯಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆ ಮೂರಕ್ಷರ ಕಂಡರೆ ಅಕ್ಕ ಹೆದರಿದ್ದರಲ್ಲಿ ತಪ್ಪೇನು?

ವಿಜಯನಗರದ ವಕೀಲರೊಬ್ಬರು ಹೊಸದು ಬರೆದುಕೊಟ್ಟರು. ಸ್ಪೆಷಲ್ ಪವರ್ ಆಫ್ ಅಟಾರ್ನಿ. ಈ ಒಂದು ಮನೆ, ಅದರ ಚಕ್ಕುಬಂದಿ, ಕ್ರಯಪತ್ರಕ್ಕೆ ಸಹಿ, ನೋಂದಣಿ. ಅಷ್ಟೇ. ಅಕ್ಕನ ಪಾಲಿನ ದುಡ್ಡು ನೇರ ಅವಳ ಎನ್‌ಆರ್‌ಓ ಖಾತೆಗೆ. ನೋಂದಣಿ ಮುಗಿದ ದಿನವೇ ಈ ಅಧಿಕಾರವೂ ಮುಗಿಯಿತು ಅನ್ನೋ ಸಾಲು ಅಕ್ಕನೇ ಸೇರಿಸಿದ್ದು.

ವಿದೇಶದಲ್ಲಿ ಇರೋರು ಕೊಡೋ ಪವರ್ ಆಫ್ ಅಟಾರ್ನಿ ನೋಂದಣಿಗೆ ನಡೀಬೇಕಾದರೆ ನೋಟರಿ, ನ್ಯಾಯಾಧೀಶರು ಅಥವಾ ಭಾರತೀಯ ಕಾನ್ಸುಲ್ ಎದುರಿಗೇ ಸಹಿ ಹಾಕಿರಬೇಕು. 1908ರ ನೋಂದಣಿ ಕಾಯ್ದೆಯ 33ನೇ ಸೆಕ್ಷನ್. ಅಕ್ಕ ಮನೆಯಲ್ಲೇ ಸಹಿ ಹಾಕಿಟ್ಟಿದ್ದಳು, ಮತ್ತೆ ಪ್ರಿಂಟ್ ತೆಗೀಬೇಕಾಯ್ತು. ಅಲ್ಲಿ ನೋಟರಿ ಅಂದ್ರೆ ನಮ್ಮ ಕೋರ್ಟ್ ಮುಂದೆ ಕರಿಕೋಟು ಹಾಕಿ ಕೂತಿರೋ ವಕೀಲರಲ್ಲ. ಕೊರಿಯರ್ ಅಂಗಡಿಯ ಹುಡುಗಿ! ಡ್ರೈವಿಂಗ್ ಲೈಸೆನ್ಸ್ ನೋಡಿದಳಂತೆ, ಸಹಿ ಹಾಕಿಸಿದಳಂತೆ, ಸೀಲ್ ಒತ್ತಿದಳಂತೆ. "ಒಂದು ಸಾಲೂ ಓದಲಿಲ್ಲ ಕಣೋ" ಅಂತ ಅಕ್ಕನಿಗೆ ಆಶ್ಚರ್ಯ.

ಆ ಹುಡುಗಿ ನಿಜವಾದ ನೋಟರಿಯೇ ಅಂತ ರಾಜಾಜಿನಗರದವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಅಪೊಸ್ಟಿಲ್. 1961ರ ಹೇಗ್ ಒಪ್ಪಂದದ್ದು, ಭಾರತದಲ್ಲಿ 2005ರಿಂದ ಜಾರಿಯಲ್ಲಿದೆ. ಅಕ್ಕ ಕಾಗದವನ್ನ ಆಸ್ಟಿನ್‌ಗೆ, ಟೆಕ್ಸಾಸ್‌ನ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಕಳಿಸಿದಳು. ಅವರು ದೃಢೀಕರಿಸೋದೂ ನೋಟರಿಯ ಸಹಿ, ಮೊಹರನ್ನೇ, ಒಳಗೆ ಬರೆದಿದ್ದನ್ನಲ್ಲ. ಇಷ್ಟೆಲ್ಲ ಸೀಲು ಬಿದ್ದರೂ ಪತ್ರವನ್ನ ಪೂರ್ತಿ ಓದಬೇಕಾದವಳು ಅಕ್ಕ ಒಬ್ಬಳೇ. ನನ್ನ ಸಿಟ್ಟು ಇಳಿದಿದ್ದು ಇದು ತಿಳಿದ ಮೇಲೆ.

ಸ್ಕ್ಯಾನ್ ಕಾಪಿ ನಡೆಯಲ್ಲ, ಮೂಲಪತ್ರವೇ ಬೇಕು. ಅದು ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ನಾನು ಲಕೋಟೆ ಒಡೆದ ಮಾರನೇ ದಿನವೇ ರಜೆ ಹಾಕಿ ಓಡಿದೆ.

ನೋಂದಣಿ ದಿನ ಮೊದಲು ನನ್ನ ಪರವಾಗಿ ಸಹಿ ಹಾಕಿದೆ, ಆಮೇಲೆ ಅಕ್ಕನ ಪರವಾಗಿ. ಸಂಜೆ ಫೋನ್ ಮಾಡಿ "ನಿನ್ನ ಪವರ್ ಮುಗೀತು ನೋಡೇ" ಅಂದೆ. ಈ ಸಲ ಇಬ್ಬರೂ ನಕ್ಕೆವು.

ಹಳೇ ಜಿಪಿಎ ಹಾಳೆಗಳ ಹಿಂಭಾಗದಲ್ಲಿ ಅಮ್ಮ ಈಗ ಹಾಲಿನ ಲೆಕ್ಕ ಬರೀತಿದ್ದಾರೆ.