ಟ್ಯಾಬ್‌ನಲ್ಲಿ ಇಮೇಲ್: ಪಾಪೋ, ಐಮ್ಯಾಪೋ?

ಟ್ಯಾಬ್‌ಗೆ ಇಮೇಲ್ ಹಾಕಿಕೊಳ್ಳುವಾಗ ಕೆಲವು ಆ್ಯಪ್‌ಗಳು ಪಾಪ್ ಬೇಕೋ ಐಮ್ಯಾಪ್ ಬೇಕೋ ಎಂದು ಕೇಳುತ್ತವೆ. ಅವಸರದಲ್ಲಿ ಒತ್ತಿಬಿಡುವ ಜಾಗವಲ್ಲ ಇದು. ಪಾಪ್ ಪತ್ರಗಳನ್ನು ಟ್ಯಾಬ್‌ಗೆ ಇಳಿಸಿಕೊಳ್ಳುತ್ತದೆ. ಸರ್ವರ್‌ನಲ್ಲೂ ಪ್ರತಿ ಇರಲಿ ಎಂದು ಹೇಳದಿದ್ದರೆ ಅಲ್ಲಿಂದ ಅಳಿಸಿಯೂ ಬಿಡಬಹುದು. ಆಮೇಲೆ ಟ್ಯಾಬ್ ಕೆಟ್ಟರೆ ಮಗಳ ಮದುವೆಯ ಫೋಟೊ, ಬ್ಯಾಂಕಿನ ಪತ್ರ ಎಲ್ಲವೂ ಅದರೊಂದಿಗೇ ಹೋದಂತೆ. ಐಮ್ಯಾಪ್‌ನಲ್ಲಿ ಮೂಲಪತ್ರ ಸರ್ವರ್‌ನಲ್ಲೇ ಉಳಿಯುತ್ತದೆ, ಫೋನಿನಲ್ಲಿ ಓದಿದ್ದು ಟ್ಯಾಬ್‌ನಲ್ಲೂ ಓದಿದಂತೆಯೇ ಕಾಣುತ್ತದೆ. ಫೋನ್, ಟ್ಯಾಬ್ ಎರಡನ್ನೂ ಬಳಸುವವರಿಗೆ ಐಮ್ಯಾಪೇ ಸರಿ. ಅದರ ಸೆಟ್ಟಿಂಗ್‌ನಲ್ಲಿ ಪೋರ್ಟ್ ಸಂಖ್ಯೆ ಕೇಳಿದರೆ, ಒಳಬರುವ ಪತ್ರಕ್ಕೆ 993. ಹೊರಹೋಗುವುದಕ್ಕೆ 465 ಅಥವಾ 587. ಹೊರಹೋಗುವ ಪೋರ್ಟ್ ತಪ್ಪಿದರೆ ಪತ್ರ ಬರುತ್ತದೆ, ಕಳಿಸಿದ್ದು ಹೋಗುವುದಿಲ್ಲ.

ವಾಟ್ಸ್‌ಆ್ಯಪ್‌ಗೆ ಇಷ್ಟು ತಲೆನೋವಿಲ್ಲ: ಫೋನಿನ ‘ಲಿಂಕ್ಡ್ ಡಿವೈಸಸ್’ ತೆರೆದು ಟ್ಯಾಬ್‌ನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆಯಿತು. ಆದರೆ 14 ದಿನಕ್ಕಿಂತ ಹೆಚ್ಚು ಕಾಲ ಫೋನಿನಲ್ಲಿ ವಾಟ್ಸ್‌ಆ್ಯಪ್ ಬಳಸದಿದ್ದರೆ ಟ್ಯಾಬ್ ಲಾಗ್‌ಔಟ್ ಆಗುತ್ತದೆ.