ಕೌದಿ ಅಂಗಿ, ಕೆಂಪು ಮಣ್ಣು

ಚಿಂಚಲಿ ಮಾಯಕ್ಕನ ಜಾತ್ರೆ ಭಾರತ ಹುಣ್ಣಿಮೆಗೆ ಕೂಡುತ್ತದೆ. ಮಹಾರಾಷ್ಟ್ರದ ಕಡೆಯಿಂದ ಚಕ್ಕಡಿ ಹೂಡಿಕೊಂಡು, ರೈಲು ಹತ್ತಿಕೊಂಡು ಜನ ಬರುತ್ತಾರೆ. ಭಂಡಾರ ಹಾರಿಸುತ್ತಾರೆ. ಭಂಡಾರ ಬಿದ್ದ ಮೈಗೆ ಜಾತಿ ಇಲ್ಲ ಎಂದು ಭಾಷಣದವರು ಹೇಳುವುದುಂಟು. ಮೈ ತೊಳೆದ ಮೇಲಿನ ಮಾತನ್ನು ಅವರು ಹೇಳುವುದಿಲ್ಲ.

ನಾವು ಅಂದರೆ ಅಲ್ಲಿಂದ ನಡೆದು ಹೋಗುವಷ್ಟು ದೂರದ ಒಂದು ಊರಿನ ಕೇರಿಯವರು. ಊರ ಹೆಸರು ಬೇಡ. ಓದುವವರು ತಮ್ಮ ತಮ್ಮ ಊರಿನ ಹೆಸರು ಹಾಕಿಕೊಂಡರೂ ಹೆಚ್ಚು ತಪ್ಪಾಗದು. ಹಿಂದಿನ ವರ್ಷ ಜಾತ್ರೆಗೆಂದು ನಮ್ಮ ಹುಡುಗನೊಬ್ಬ ಪುಣೆಯಿಂದ ಬಂದ. ಕಾರ್ಖಾನೆಯ ಗುತ್ತಿಗೆ ಮುಗಿದಿತ್ತು, ಊರಲ್ಲೇ ಉಳಿದ. ಅವನ ಚೀಲದಲ್ಲಿ ಬಿಳಿಯ ದಪ್ಪ ಅಂಗಿ, ಪಾಯಜಾಮ, ಒಂದು ನೀಲಿ ಪಟ್ಟಿ.

‘ಏನೋ ತಮ್ಮಾ, ಡಾಕ್ಟರ್ ಆದೇನು?’

‘ಇಲ್ಲ ಕಾಕಾ, ಇದು ಬ್ರೆಜಿಲಿಯನ್ ಜಿಯು-ಜಿತ್ಸು. ಈ ಅಂಗಿಗೆ ಗೀ ಅಂತಾರ.’

‘ಮತ್ತ ನೀಲಿ ಪಟ್ಟಿ? ಸಂಘದವರು ಕೊಟ್ಟಾರೇನು?’

ಹುಡುಗ ನಕ್ಕ. ಮೊದಲು ಬಿಳಿ ಪಟ್ಟಿ, ಕಲಿತ ಮೇಲೆ ನೀಲಿ, ಮುಂದೆ ನೇರಳೆ, ಕಂದು, ಕಡೆಗೆ ಕರಿ ಎಂದು ವಿವರಿಸಿದ. ಕೇರಿಯ ಹುಡುಗರು ಅವನ ಬೆನ್ನು ಹತ್ತಿದರು. ಕಲಿಸಲು ಅವನೂ ಒಪ್ಪಿದ. ಆದರೆ ಅಂಗಿ ಹಾಕಿ ಕಲಿಸುವುದೋ, ಅಂಗಿ ಇಲ್ಲದೆ ಕಲಿಸುವುದೋ? ಇದರ ಮೇಲೆ ಸಮಾಜ ಮಂದಿರದ ಕಟ್ಟೆಯ ಮೇಲೆ ಮೂರು ರಾತ್ರಿ ಜಗಳವಾಯಿತು. ಹೊರಗಿನವರಿಗೆ ಇದು ಸಣ್ಣ ಮಾತು. ನಮಗಲ್ಲ.

ಈ ವಿದ್ಯೆಯಲ್ಲಿ ಎರಡು ಬಗೆ. ಅಂಗಿ ಹಾಕಿ ಆಡುವಾಗ ಎದುರಾಳಿಯ ಕೊರಳಪಟ್ಟಿ, ತೋಳು, ಪಾಯಜಾಮದ ಅಂಚು ಎಲ್ಲವೂ ಹಿಡಿಕೆಗಳೇ. ಅವನ ಕೊರಳಪಟ್ಟಿಯಿಂದಲೇ ಅವನ ಕೊರಳು ಬಿಗಿಯಬಹುದು. ಆಟ ನಿಧಾನವಾಗುತ್ತದೆ, ಬೆವರಿದರೂ ಹಿಡಿತ ಜಾರದು, ತೂಕ ಕಡಿಮೆ ಇದ್ದವನು ದೊಡ್ಡವನನ್ನು ತಡೆದು ನಿಲ್ಲಿಸಬಹುದು. ಅಂಗಿ ಇಲ್ಲದಾಗ ಅರಿವೆ ಹಿಡಿಯುವಂತಿಲ್ಲ. ಕೊರಳು, ಕಂಕುಳು, ಮಣಿಕಟ್ಟು, ಸೊಂಟ ಇಷ್ಟೇ. ಬೆವರಿಗೆ ಕೈ ಜಾರುತ್ತದೆ, ಆಟ ಓಡುತ್ತದೆ. ಎರಡರಲ್ಲೂ ಬೆನ್ನು ನೆಲಕ್ಕೆ ಹತ್ತಿದರೆ ಸೋಲಲ್ಲ. ಕೆಳಗೆ ಬಿದ್ದವನು ಕೆಳಗಿನಿಂದಲೇ ಕಾಲು ಹೆಣೆದು ಮೇಲಿನವನನ್ನು ಸೋಲಿಸಬಹುದು. ಚಿತ್ ಆದರೆ ಮುಗಿಯಿತು ಎಂದೇ ತಿಳಿದು ಬಂದ ನಮ್ಮ ಮುದುಕರು ಇದನ್ನು ನಂಬಲಿಲ್ಲ. (ಇದರ ಮೇಲೆ ಕವಿತೆ ಬರೆಯುವವರು ಬರೆದುಕೊಳ್ಳಲಿ, ನಮಗೆ ಬೇರೆ ಕೆಲಸವಿದೆ.)

ಮುದುಕರದು ಒಂದೇ ಹಟ: ‘ಬರೀ ಮೈ, ಕೆಂಪು ಮಣ್ಣು. ಅರಿವಿ ಯಾಕ ಬೇಕು?’

ಈ ಹಟಕ್ಕೊಂದು ಕಥೆಯಿದೆ. ಊರ ತಾಲೀಮಿನಲ್ಲಿ ಹನುಮಪ್ಪನ ಪಟವಿತ್ತು. ಆದ್ದರಿಂದ ನಮ್ಮ ಅಪ್ಪಂದಿರು ಹೊಸ್ತಿಲು ದಾಟುವಂತಿರಲಿಲ್ಲ. ಆದರೆ ಕುಸ್ತಿಯ ದಿನ ಹಲಗಿ ಬೇಕು. ಹಲಗಿ ಇಲ್ಲದೆ ಪೈಲವಾನನ ರಕ್ತ ಏರುವುದಿಲ್ಲ. ನಮ್ಮವರು ಕಣದ ಹೊರಗೆ ಬಿಸಿಲಲ್ಲಿ ನಿಂತು ಬೆರಳು ಒಡೆಯುವಂತೆ ಬಾರಿಸಬೇಕು. ನಮ್ಮ ಕೈಯ ಸಪ್ಪಳ ಅವನ ತೊಡೆ ಮುಟ್ಟಬಹುದು, ನಮ್ಮ ಕೈ ಅವನ ಬೆನ್ನು ಮುಟ್ಟುವಂತಿಲ್ಲ.

ನಾವು ಹದಿನೆಂಟು ಇಪ್ಪತ್ತರ ಹುಡುಗರಿದ್ದಾಗ ಕೇರಿಯ ಹಿಂದೆ ಹಳ್ಳದ ದಂಡೆಗೆ ನಮ್ಮದೇ ಕಣ ಅಗೆದೆವು. ಕೆಂಪು ಮಣ್ಣು ತಂದು ಜರಡಿ ಹಿಡಿದೆವು. ದೊಡ್ಡ ತಾಲೀಮಿನ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ, ನಿಂಬೆಹಣ್ಣು ಕಲಸುತ್ತಾರೆ. ನಮ್ಮ ಮಣ್ಣಿಗೆ ಸಿಕ್ಕದ್ದು ಒಂದು ಸೇರು ಎಣ್ಣೆ, ಒಂದಿಷ್ಟು ಅರಿಷಿಣ. ಮಜ್ಜಿಗೆ ಉಣ್ಣಲಿಕ್ಕೇ ಇರಲಿಲ್ಲ. ನಮ್ಮಲ್ಲೊಬ್ಬನ ಕೈ ಚಲೋ ಕುದುರಿತು. ಆ ಸುದ್ದಿ ಊರೊಳಗೂ ಹೋಯಿತು. ಒಂದು ರಾತ್ರಿ ಊರಿನ ದೊಡ್ಡ ಮನೆಯ ಹುಡುಗ ಕಂದೀಲು ಇಲ್ಲದೆ ಬಂದ. ನಮ್ಮವನ ಸಂಗಡ ಹಿಡಿಯಬೇಕಂತೆ. ಲಂಗೋಟಿ ಕಟ್ಟಿದ, ಕಣಕ್ಕಿಳಿದ. ಬೆವರಿಗೆ ಕೈ ಜಾರಬಾರದೆಂದು ಕುಸ್ತಿಯಲ್ಲಿ ಒಬ್ಬರ ಮೈಗೆ ಒಬ್ಬರು ಮಣ್ಣು ಹಾಕುತ್ತಾರೆ, ಅದು ರೂಢಿ. ಅವನು ಹಿಡಿ ಮಣ್ಣು ತಗೊಂಡು ನಮ್ಮವನ ಹೆಗಲ ಮೇಲೆ, ಕೊರಳ ಹಿಂದೆ ಹಾಕಿ ಉಜ್ಜಿದ. ನಮ್ಮವನೂ ಹಾಕಿದ. ನಾವು ಸುತ್ತ ಉಸಿರು ಬಿಡದೆ ನಿಂತಿದ್ದೆವು. ಆ ರಾತ್ರಿ ಯಾರು ಗೆದ್ದರೆಂಬುದು ಈಗ ನಮ್ಮೊಳಗೇ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮರುದಿನ ಚಹಾದಂಗಡಿಯಲ್ಲಿ ಅವನು ಬಾಕಿನ ಮೇಲೆ ಕೂತಿದ್ದ, ನಮ್ಮವನು ಹೊರಗೆ ನಿಂತು ತನ್ನ ಬಸಿ ತಾನೇ ತೊಳೆಯುತ್ತಿದ್ದ. ಕಣ್ಣು ಕೂಡಲಿಲ್ಲ. ಅರಿವೆ ತೊಟ್ಟ ಮೇಲೆ ಅವನಿಗೆ ನಮ್ಮ ಗುರುತೇ ಇಲ್ಲ.

ಹಿಂಗಾಗಿ ಮುದುಕರಿಗೆ ಬರಿ ಮೈ ಅಂದರೆ ಬರೇ ಆಟವಲ್ಲ.

ಚಹಾದ ಮಾತು ಬಂತು. ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದ ಕಾಲವೊಂದಿತ್ತು. ಅಲ್ಲಿಯ ಶಾಹೂ ಮಹಾರಾಜರು ಸ್ವತಃ ಕುಸ್ತಿ ಹಿಡಿದವರು. 1902ರಲ್ಲಿ ಹಿಂದುಳಿದವರಿಗೆ ಅರ್ಧದಷ್ಟು ನೌಕರಿ ಮೀಸಲಿಟ್ಟ ಅರಸು 1912ರಲ್ಲಿ ಖಾಸಬಾಗ ಕುಸ್ತಿ ಮೈದಾನವನ್ನೂ ಕಟ್ಟಿಸಿದರು. ಗಂಗಾರಾಮ ಕಾಂಬಳೆ ಎಂಬ ನಮ್ಮವರಿಗೆ ಚಹಾದಂಗಡಿ ಹಾಕಿಸಿ, ತಾವೇ ಅಲ್ಲಿ ಚಹಾ ಕುಡಿದರು. 1920ರ ಮಾರ್ಚಿನಲ್ಲಿ ಮಾಣಗಾಂವ ಪರಿಷತ್ತಿನಲ್ಲಿ ನಿಂತು, ಬಾಬಾಸಾಹೇಬರೇ ನಿಮ್ಮ ಮುಂದಾಳು ಎಂದು ಸಾರಿದರು. ನಮ್ಮ ಊರಿನ ಚಹಾದಂಗಡಿಗೆ ಆ ಸುದ್ದಿ ಮುಟ್ಟಲು ಇನ್ನೂ ಅರವತ್ತು ವರ್ಷ ಸಾಲಲಿಲ್ಲ.

ಸಮವಸ್ತ್ರ ತೊಟ್ಟರೆ ಎಲ್ಲರೂ ಸಮ ಎಂದು ನಮ್ಮಲ್ಲಿಯ ಮಾಸ್ತರೊಬ್ಬರು ಎರಡನೆಯ ರಾತ್ರಿ ವಾದ ಹೂಡಿದರು. ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಳೂ ಅವರ ಹೆಸರು ಹೇಳಿ ಅವರ ಬಾಯಿ ಮುಚ್ಚಿಸಿದೆವು. ಚಮ್ಮಾರರ ಮನೆಯ ಬಾಳೂ 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಮೇಲೆ ವಿಕೆಟ್ ಕೆಡವಿದರು. ಅದೇ ಬಾಳೂ ಪುಣೆಯಲ್ಲಿ ಎಲ್ಲರಂತೆ ಆಡುತ್ತಿದ್ದಾಗ ಚಹಾದ ಹೊತ್ತಿಗೆ ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕಿತ್ತು. ಅವರ ಬೆರಳು ಮುಟ್ಟಿದ ಚೆಂಡಿಗೆ ಮೈಲಿಗೆ ಇಲ್ಲ, ತುಟಿ ಮುಟ್ಟಿದ ಕಪ್ಪಿಗೆ ಇದೆ. ಬಿಳಿ ಅಂಗಿ ಏನು ಮಾಡೀತು?

ಮೂರನೆಯ ರಾತ್ರಿ ಆ ಹುಡುಗ ಬಾಯಿ ಬಿಟ್ಟ. ಅಲ್ಲಿಯತನಕ ಸುಮ್ಮನೆ ಕೇಳುತ್ತಿದ್ದ.

‘ಕಾಕಾ, ನೀವು ಹೇಳೂದು ಖರೇ. ಆದ್ರ ಊರಾಗ ನಮ್ಮ ಮ್ಯಾಲೆ ಬರೂವವ ಲಂಗೋಟಿ ಕಟ್ಕೊಂಡು ಬರ್ತಾನೇನು? ಬಂದು ಮೊದಲ ಏನ ಹಿಡೀತಾನ? ಕೊರಳಪಟ್ಟಿ ಹಿಡೀತಾನ.’

ಕಟ್ಟೆ ತಣ್ಣಗಾಯಿತು. ನಮ್ಮಲ್ಲಿ ಕೊರಳಪಟ್ಟಿ ಹಿಡಿಸಿಕೊಳ್ಳದವರು ಯಾರಿದ್ದರು? ಮೊಣಕಾಲ ಕೆಳಗೆ ಧೋತರ ಉಟ್ಟರೆ ಹಿಡಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅಗಸಿ ದಾಟಿದರೆ ಹಿಡಿದರು. ಕೂಲಿ ಕೇಳಿದರೆ ಹಿಡಿದರು. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳಿಗೆ ಸೀರೆ ಉಡುವ ರೀತಿಯನ್ನೇ ಬದಲಿಸಿರಿ ಎಂದು ಸುಮ್ಮನೆ ಹೇಳಲಿಲ್ಲ. ಅರಿವೆಯಿಂದಲೇ ನಮ್ಮನ್ನು ಗುರುತು ಹಿಡಿದರು, ಅರಿವೆಯಿಂದಲೇ ಎಳೆದರು.

ಹುಡುಗ ತೋರಿಸಿದ. ನಮ್ಮಲ್ಲೊಬ್ಬ ದಡಿಯ ಅವನ ಕೊರಳಪಟ್ಟಿ ಎರಡೂ ಕೈಯಿಂದ ಹಿಡಿದ. ಹುಡುಗ ಹೊಡೆಯಲಿಲ್ಲ. ಹಿಡಿದ ಕೈಯನ್ನೇ ತನ್ನ ಎದೆಗೆ ಒತ್ತಿಕೊಂಡು, ಸೊಂಟ ತಿರುವಿ ನೆಲಕ್ಕೆ ಕೂತ. ದಡಿಯ ಅವನ ಮೇಲೆ ಬಿದ್ದ, ಬಿದ್ದವನು ಮೊಣಕೈ ಬಿಡಿಸಿಕೊಳ್ಳಲಾಗದೆ ನೆಲ ಬಡಿದ. ನೆಲ ಬಡಿದರೆ ಬಿಡಬೇಕು, ಇದು ಆ ಆಟದ ಮೊದಲ ನಿಯಮ. ಹುಡುಗ ಬಿಟ್ಟ.

ಅಂಗಿಯ ಬೇರು ಬ್ರೆಜಿಲಿನದೂ ಅಲ್ಲ. 1882ರಲ್ಲಿ ಜಪಾನಿನ ಜಿಗೋರೋ ಕಾನೋ ಜೂಡೋ ಶಾಲೆ ಕೋಡೋಕಾನ್ ತೆರೆದರು. ಅಲ್ಲಿ ಕಲಿತ ಮಿತ್ಸುಯೋ ಮಾಯೆದಾ 1914ರಲ್ಲಿ ಬ್ರೆಜಿಲಿಗೆ ಹೋದರು. ಅವರಿಂದ ಗ್ರೇಸಿ ಮನೆತನ ಕಲಿತು ಹೆಸರು ಮಾಡಿತು. ಆದರೆ ನಮ್ಮ ಹುಡುಗರಿಗೆ ಹಿಡಿಸಿದ್ದು ಓಸ್ವಾಲ್ಡೋ ಫಾಡಾ ಎಂಬವರ ಕಥೆ. ರಿಯೋ ನಗರದ ಅಂಚಿನ ಬಡಾವಣೆಯಲ್ಲಿ, ದುಡ್ಡು ಕೊಡಲಾಗದವರಿಗೆ ಕಲಿಸಿದವರು ಅವರು. ಐವತ್ತರ ದಶಕದಲ್ಲಿ ಅವರ ಶಿಷ್ಯರು ಗ್ರೇಸಿ ಶಾಲೆಗೇ ಸವಾಲು ಹಾಕಿ, ಕಾಲು ತಿರುಚುವ ಪಟ್ಟಿನಿಂದ ಗೆದ್ದರು. ಸೋತವರು ಆ ಪಟ್ಟಿಗೆ ‘ಊರಾಚೆಯವರ ಪಟ್ಟು’ ಎಂದು ಮೂಗು ಮುರಿದರಂತೆ. ಇಂಥ ಮಾತು ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಂಗಿ ಬೇಕೆಂದಾಯಿತು. ದುಡ್ಡು? ಒಂದು ಗೀಗೆ ಮೂರು ನಾಲ್ಕು ಸಾವಿರ. ಅಷ್ಟು ದುಡ್ಡು ಬರಬೇಕಾದರೆ ಕಬ್ಬು ಕಡಿಯುವ ಮನೆಯವರು ಎಷ್ಟು ದಿನ ಬಗ್ಗಬೇಕು! ಶಾಲೆಯ ಹಳೇ ಅಂಗಿ ತೊಟ್ಟು ನೋಡಿದರು, ಮೊದಲ ದಿನವೇ ಹರಿದವು. ಗೊಬ್ಬರದ ಚೀಲ ಹೊಲಿದರು, ಕೊರಳು ಕೆತ್ತಿ ಕೆಂಪಾಯಿತು.

ಆಗ ನಮ್ಮ ಕೇರಿಯ ಆಯಿಯೊಬ್ಬಳು ಆ ಬಿಳಿ ಅಂಗಿಯನ್ನು ಕೈಯಲ್ಲಿ ತಿರುವಿ ತಿರುವಿ ನೋಡಿ, ‘ಇದೇನೋ, ಕೌದಿನ ಅಲ್ಲ?’ ಅಂದಳು. ನಾಲ್ಕು ಪದರು ಹಳೇ ಸೀರೆ, ಧೋತರ ಹಾಸಿ, ಒತ್ತೊತ್ತಾಗಿ ಟಾಕು ಹಾಕಿದಳು. ಕೊರಳಪಟ್ಟಿಗೆ ಎಂಟು ಪದರು. ಎಳೆದರೆ ಹರಿಯಲಿಲ್ಲ. ಮೇಲ್ಕೇರಿಯ ಮನೆಗಳಿಂದ ಉಟ್ಟು ಬಿಟ್ಟ ಅರಿವೆ ತಂದರೆ ಇನ್ನೂ ಬೇಗ ಆಗುತ್ತದೆಂದು ಯಾರೋ ಅಂದರು. ಆಯಿ ಸೂಜಿ ಕೆಳಗಿಟ್ಟಳು. ‘ಅವರು ಬಿಟ್ಟದ್ದು ಉಟ್ಟು ನಮ್ಮ ಹರೇ ಹೋತು. ಈ ಹುಡುಗ್ರ ಕೊರಳಿಗೆ ಅದು ಬ್ಯಾಡ.’ ಮತ್ತೆ ಸೂಜಿ ಹಿಡಿದಳು.

ಅಂಗಿಯಿಂದ ನಾವು ಎಣಿಸದ ಇನ್ನೊಂದು ಆಯಿತು. ಲಂಗೋಟಿಯ ಕಣಕ್ಕೆ ನಮ್ಮ ಹೆಣ್ಣುಮಕ್ಕಳು ಎಂದೂ ಇಳಿದವರಲ್ಲ, ಇಳಿಸಬೇಕೆಂದು ನಮಗೂ ಅನಿಸಿರಲಿಲ್ಲ. ಮೇಲ್ಜಾತಿಯನ್ನು ಬೈಯುವ ನಮ್ಮ ಬಾಯಿಗೆ ಇದು ಹೊಳೆಯದೇ ಹೋದದ್ದು ನಾಚಿಕೆಯ ಮಾತು. ಕೌದಿ ಅಂಗಿ ಬಂದ ವಾರಕ್ಕೆ ಹತ್ತನೆತ್ತೆ ಓದುವ ಹುಡುಗಿ ಬಂದು, ‘ನಮಗೂ ಕಲಸ್ರೀ ಅಣ್ಣಾ’ ಅಂದಳು. ಅವಳ ಹಿಂದೆ ಇನ್ನಿಬ್ಬರು. ಶಾಲೆಯ ದಾರಿಯಲ್ಲಿ ಓಢಣಿ ಎಳೆಯುವವರಿದ್ದಾರಂತೆ. ನಮಗೆ ಯಾರೂ ಹೇಳಿರಲಿಲ್ಲ.

ಹಾಗೆಂದು ಮುದುಕರು ಸೋಲಲಿಲ್ಲ. ಅಂಗಿ ಇದ್ದವನನ್ನಷ್ಟೇ ಹಿಡಿಯಲು ಕಲಿತರೆ ಅಂಗಿ ಇಲ್ಲದವನು ಜಾರಿ ಹೋಗುತ್ತಾನೆಂದು ಅವರ ತಕರಾರು. ಮಾತಿನಲ್ಲಿ ಹುರುಳಿದೆ. ಮಣ್ಣಿನಲ್ಲಿ ಬೆಳೆದ ಖಾಶಾಬಾ ಜಾಧವರು 1948ರಲ್ಲಿ ಲಂಡನ್ನಿನಲ್ಲಿ ಮ್ಯಾಟಿನ ಮೇಲೆ ಕಾಲಿಟ್ಟಾಗ ಅದು ಅವರಿಗೆ ಹೊಸದು, ಆರನೆಯವರಾದರು. ನಾಲ್ಕು ವರ್ಷ ಅದನ್ನೂ ಕಲಿತು 1952ರಲ್ಲಿ ಹೆಲ್ಸಿಂಕಿಯಿಂದ ಕಂಚು ತಂದರು. ನಮ್ಮ ಮಣ್ಣಿನ ಕುಸ್ತಿಯಲ್ಲಿ ಲಂಗೋಟಿ ಹಿಡಿಯಬಹುದು, ಮ್ಯಾಟಿನ ಕುಸ್ತಿಯಲ್ಲಿ ಉಡುಪು ಹಿಡಿದರೆ ತಪ್ಪು. ನೆಲ ಬದಲಾದರೆ ಕೈಗೆ ಹೊಸ ಪಾಠ.

ಈಗ ಹಳ್ಳದ ದಂಡೆಯ ಹಳೇ ಕಣವನ್ನು ಮತ್ತೆ ಅಗೆದಿದ್ದೇವೆ. ಮಕ್ಕಳು ಹನ್ನೊಂದು, ಕೌದಿ ಅಂಗಿ ನಾಲ್ಕು. ಮೂರು ಹುಡುಗಿಯರಿಗೆ, ಉಳಿದ ಒಂದನ್ನು ಎಂಟು ಹುಡುಗರು ಪಾಳಿ ಹಚ್ಚಿ ತೊಡುತ್ತಾರೆ. ಅಂಗಿ ದಪ್ಪ, ತೊಳೆದರೆ ಒಣಗಲು ಎರಡು ದಿನ ಹಿಡಿಯುತ್ತದೆ. ಅಷ್ಟು ದಿನ ಹುಡುಗರು ಒಬ್ಬರ ಹೆಗಲಿಗೆ ಒಬ್ಬರು ಮಣ್ಣು ಹಾಕಿ ಬರಿ ಮೈಯಲ್ಲಿ ಹಿಡಿಯುತ್ತಾರೆ. ಹುಡುಗಿಯರು ಕಟ್ಟೆಯ ಮೇಲೆ ಕೂತು ತಪ್ಪು ಎಣಿಸುತ್ತಾರೆ, ನಡುನಡುವೆ ಎದ್ದು ಹೋಗಿ ಬೇಲಿಯ ಮೇಲಿನ ಅಂಗಿ ಮುಟ್ಟಿ ನೋಡುತ್ತಾರೆ, ಒಣಗಿತೋ ಇಲ್ಲವೋ ಎಂದು.